ಎದ್ದು ಹೋದವಳ ಮಣೆ

ಸುಮಾ, ಗಿರೀಶ,

ಮೊನ್ನೆ ಟೀವಿಯಲ್ಲಿ ವಾರ್ತೆ ಬರುತ್ತಿದ್ದಾಗ ಯಾವುದೋ ದೇಶ ಯಾವುದೋ ದೊಡ್ಡ ಸಂಘವನ್ನು ಬಿಟ್ಟು ಹೊರಟಿದೆ ಎಂದರು. ಗಿರೀಶ, ನೀನು ನಿಮ್ಮಪ್ಪನನ್ನು ‘ಬಿಟ್ಟು ಹೋದ ಮೇಲೆ ಏನಾಗುತ್ತೆ?’ ಎಂದು ಕೇಳಿದೆ. ಅವನು ‘ಏನಾಗುತ್ತೆ, ಏನೂ ಆಗಲ್ಲ’ ಎಂದು ಪೇಪರು ಮಡಚಿಟ್ಟ. ಸುಮಾ ತಮಾಷೆಗೆ ‘ಅಜ್ಜಿನ ಕೇಳೋ’ ಎಂದಳು. ನೀವೆಲ್ಲ ನಕ್ಕಿರಿ, ನಾನೂ ನಕ್ಕೆ. ಆದರೆ ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇತ್ತು. ನಾಲ್ಕು ಜನ ನನ್ನ ಮುಖವನ್ನೇ ನೋಡುತ್ತಿದ್ದರೆ ನನಗೆ ಮಾತು ಹೊರಡುವುದಿಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ. ಮಂಡಕಳ್ಳಿಯ ಆಚೆ ನಮ್ಮ ಊರಿನಲ್ಲಿ ಒಂದೇ ಕೋಣೆಯ ಶಾಲೆ, ಒಬ್ಬರೇ ಮೇಷ್ಟ್ರು. ಅಲ್ಲಿ ಕಲಿತದ್ದಷ್ಟೇ ನನ್ನ ಓದು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಇದು ಒಂಟಿಕೊಪ್ಪಲಿನಲ್ಲಿ ನಮ್ಮ ಬೀದಿಯಲ್ಲಿದ್ದ ಒಬ್ಬರ ವಿಷಯ. ಅವರ ಹೆಸರನ್ನು ನಾನು ಬರೆಯುವುದಿಲ್ಲ. ಅವರಿದ್ದಾಗ ನಾನು ಒಂದು ಸಲವೂ ಅವರನ್ನು ಹೆಸರು ಹಿಡಿದು ಕರೆದವಳಲ್ಲ, ಈಗ ಬರೆಯಲು ಕೈ ಬರುವುದಿಲ್ಲ. ಬೀದಿಗೆಲ್ಲ ಅವರು ಟೀಚರಮ್ಮ. ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಹೇಳಿಕೊಟ್ಟು ನಿವೃತ್ತಿಯಾಗಿದ್ದರು. ಮದುವೆ ಮಾಡಿಕೊಂಡಿರಲಿಲ್ಲ. ಹಣೆಯ ಮೇಲೆ ಬೆಳ್ಳಗೆ ವಿಭೂತಿ, ಕೊರಳಲ್ಲಿ ಲಿಂಗ, ಮೂಗಿನ ತುದಿಗೆ ಜಾರಿದ ಕನ್ನಡಕ. ಕನ್ನಡಕದ ಒಂದು ಕಡ್ಡಿ ಮುರಿದು ಆ ಕಡೆಗೆ ದಾರ ಕಟ್ಟಿಕೊಂಡಿದ್ದರು. ಹೊಸದು ಮಾಡಿಸಿಕೊಳ್ಳಿ ಎಂದರೆ, ‘ಕಣ್ಣು ನೋಡುತ್ತೆ, ಕಿವಿಗೇನು ಕೆಲಸ’ ಎನ್ನುತ್ತಿದ್ದರು. ಸೆರಗಿನ ಗಂಟಿನಲ್ಲಿ ಸದಾ ಒಂದು ಚೂರು ಸೀಮೆಸುಣ್ಣ ಇರುತ್ತಿತ್ತು. ಶಾಲೆ ಬಿಟ್ಟು ಎಷ್ಟು ವರ್ಷವಾಗಿದ್ದರೂ ಮಾತಿನ ಮಧ್ಯೆ ಅದನ್ನು ಬಿಚ್ಚಿ, ಕೆಂಪು ಗಾರೆ ನೆಲದ ಮೇಲೆ ಒಂದು ಸಮುದ್ರವನ್ನೋ ಒಂದು ನದಿಯನ್ನೋ ಬರೆದೇ ತೀರುತ್ತಿದ್ದರು. ಸಂಜೆ ಅದನ್ನು ಒರೆಸುವ ಕೆಲಸ ನಮ್ಮದು.

ಅವರ ಬಾಯಲ್ಲಿ ‘ಪಾಪ’ ಎಂಬ ಮಾತು ನಾನು ಕೇಳಲಿಲ್ಲ. ನಿಮ್ಮ ತಾತ ಗಿರಣಿಯಲ್ಲಿ ಕೆಲಸದಲ್ಲಿದ್ದಾಗಲೇ ಜ್ವರ ಬಂದು ತೀರಿಕೊಂಡರು. ಗಿರೀಶನ ಅಪ್ಪನನ್ನು ಆಗ ತಾನೇ ಶಾಲೆಗೆ ಹಾಕಿದ್ದೆವು, ಸುಮಳ ಅಮ್ಮ ಇನ್ನೂ ಸೊಂಟದ ಮೇಲಿದ್ದಳು. ಬಂದವರೆಲ್ಲ ಪಾಪ, ಪಾಪ ಎಂದು ನನ್ನ ತಲೆ ಸವರಿ ಹೋದರು. ಟೀಚರಮ್ಮ ಬಂದವರು ನೇರ ಅಡುಗೆಮನೆಗೆ ಹೋಗಿ ಡಬ್ಬಗಳ ಮುಚ್ಚಳ ತೆಗೆದು ನೋಡಿದರು. ಸಂಜೆಗೆ ಅಕ್ಕಿ ಬೇಳೆ ತಂದಿಟ್ಟರು. ಹೋಗುವಾಗ ಬಾಗಿಲಲ್ಲಿ ನಿಂತು, ‘ಸಂಘಕ್ಕೆ ಯಾವಾಗ ಬರ್ತೀಯಮ್ಮ?’ ಎಂದು ಕೇಳಿದರು.

ಸಂಘ ಎಂದರೆ ನಮ್ಮ ಬೀದಿಯ ಹಪ್ಪಳದ ಸಂಘ. ಅದನ್ನು ಕಟ್ಟಿದವರೂ ಅವರೇ. ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ ಬೀದಿಯ ಹೆಂಗಸರೆಲ್ಲ ಸೇರಿ ಉದ್ದಿನ ಹಪ್ಪಳ ಒತ್ತಿ ಹುಡುಗರ ಹಾಸ್ಟೆಲ್ಲೊಂದಕ್ಕೆ ವರ್ಷಕ್ಕಾಗುವಷ್ಟು ಮಾರಿ, ಬಂದ ಹಣ ಹಂಚಿಕೊಳ್ಳುತ್ತಿದ್ದೆವು. ಹಪ್ಪಳ ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಹಿಟ್ಟನ್ನು ಎಣ್ಣೆ ಹಾಕಿ ಒರಳಿನಲ್ಲಿ ಹಾರೆಯಿಂದ ಕುಟ್ಟಿ ಕುಟ್ಟಿ ಮೇಣದಂತೆ ಮಾಡಬೇಕು, ಅದು ಬಿರಿಯುವ ಮೊದಲು ಉಂಡೆ ಕಟ್ಟಿ ಒತ್ತಬೇಕು, ಒತ್ತಿದ್ದನ್ನು ಆಗಿಂದಾಗಲೇ ಒಣಗಲು ಹಾಕಬೇಕು. ಸೇರುವವರು ಒಂದು ಮಣೆ, ಒಂದು ಲಟ್ಟಣಿಗೆ ತಂದು ಟೀಚರಮ್ಮನ ಮನೆಯ ನಡುಮನೆಯ ಗೂಡಿನಲ್ಲಿ ಇಡಬೇಕು. ಇಟ್ಟರೆ ಸಂಘದವಳು. ಅದೊಂದೇ ನಿಯಮ. ನನ್ನ ಹಪ್ಪಳ ಎಂದೂ ದುಂಡಗೆ ಬರುತ್ತಿರಲಿಲ್ಲ. ಟೀಚರಮ್ಮ ಎತ್ತಿ ಹಿಡಿದು, ‘ಇದು ಆಫ್ರಿಕಾ’ ಎನ್ನುವರು. ಇನ್ನೊಂದು ಎತ್ತಿ, ‘ಇದು ಸಿಂಹಳ, ಪರವಾಗಿಲ್ಲ, ಚಿಕ್ಕದಾಯಿತು’ ಎನ್ನುವರು.

ಆ ದಿನ ಬಾಗಿಲಲ್ಲಿ ಅವರು ಹಾಗೆ ಕೇಳಿದಾಗ, ಗಂಡ ಸತ್ತವಳು ಇನ್ನು ನಾನು ಬರುವ ಹಾಗಿಲ್ಲ, ನನ್ನ ಮಣೆ ವಾಪಸು ಕೊಟ್ಟುಬಿಡಿ ಎಂದೆ. ಅವರು ಮೆಟ್ಟಿಲ ಮೇಲೆಯೇ ನಿಂತರು.

‘ಬರೋಕಾಗಲ್ಲ ಅಂದ್ರೆ ಬರಬೇಡ. ಬಿಟ್ಟುಹೋದೆ ಅಂತ ಮಾತ್ರ ಹೇಳಬೇಡ. ಬಂದಿಲ್ಲ, ಅಷ್ಟೇ. ಎರಡಕ್ಕೂ ಬಹಳ ವ್ಯತ್ಯಾಸ ಇದೆ ಕಣಮ್ಮ.’

ಆ ಬೇಸಿಗೆ ಮುಗಿಯುತ್ತ ಬಂದಾಗ ಒಂದು ಬೆಳಿಗ್ಗೆ ನಾನು ಧೈರ್ಯ ಮಾಡಿ ಹೋದೆ. ಬಾಗಿಲಲ್ಲಿ ನಿಂತಾಗ ಒಳಗಿನ ಮಾತು ನಿಂತುಹೋಯಿತು. ಇವಳು ಬರಬಹುದೇ, ಯಾರು ಏನನ್ನುತ್ತಾರೋ ಎಂದು ಎಲ್ಲರೂ ಲಟ್ಟಣಿಗೆ ಹಿಡಿದು ಕುಳಿತಿದ್ದರು. ಆಗ ಮೂಲೆಮನೆಯ ಪುಟ್ಟಮ್ಮ, ನನ್ನನ್ನು ಸರಿಯಾಗಿ ನೋಡದೆಯೇ ಬೈದಳು: ‘ಇಷ್ಟೊತ್ತಿಗಾ ಬರೋದು? ಇಟ್ಟು ಒಣಗ್ತಾ ಅದೆ, ಕೂತ್ಕೊ.’ ನಾನು ಗೂಡಿನಿಂದ ಮಣೆ ತೆಗೆದುಕೊಂಡು ಕೂತೆ. ಅಷ್ಟೇ. ಯಾರೂ ಏನೂ ಕೇಳಲಿಲ್ಲ. ಆ ಬೈಗುಳದ ಉಪಕಾರವನ್ನು ನಾನು ಮರೆತಿಲ್ಲ.

ಪುಟ್ಟಮ್ಮನ ಗಂಡ ಗಾರೆ ಮೇಸ್ತ್ರಿ. ಬೀದಿಯಲ್ಲೆಲ್ಲ ಹೆಂಚಿನ ಮನೆಗಳು, ತಾರಸಿ ಇದ್ದದ್ದು ಅವಳ ಮನೆಗೊಂದಕ್ಕೇ. ನಮ್ಮ ಹಪ್ಪಳವೆಲ್ಲ ಒಣಗುತ್ತಿದ್ದುದು ಅಲ್ಲೇ. ಪಕ್ಕದ ಮನೆ ಅವಳ ಓರಗಿತ್ತಿ ನಿಂಗಮ್ಮನದು. ಅಣ್ಣತಮ್ಮಂದಿರು ಭಾಗವಾದಾಗ ಹಿತ್ತಿಲ ನಡುವೆ ಗೋಡೆ ಎದ್ದಿತ್ತು. ಗೋಡೆ ಎದ್ದಾಗಿನಿಂದ ಇಬ್ಬರೂ ಒಬ್ಬರ ಹೊಸಿಲನ್ನು ಒಬ್ಬರು ತುಳಿದಿರಲಿಲ್ಲ. ಆದರೆ ಟೀಚರಮ್ಮನ ನಡುಮನೆಯಲ್ಲಿ ಇಬ್ಬರೂ ಕೂತು ಒತ್ತುತ್ತಿದ್ದರು, ಮಾತಿಲ್ಲದೆ, ಒಂದೇ ಎಣ್ಣೆ ಬಟ್ಟಲಿನಲ್ಲಿ ಕೈ ಅದ್ದಿಕೊಂಡು.

ಅರವತ್ತೈದನೇ ಇಸವಿಯ ಮೊದಲಲ್ಲಿ ಇಂಡೋನೇಷ್ಯಾ ದೇಶ ಜಗತ್ತಿನ ದೇಶಗಳ ಸಂಘವನ್ನು ಬಿಟ್ಟುಹೋಯಿತು. ಟೀಚರಮ್ಮ ಮಧ್ಯಾಹ್ನದ ಹೊತ್ತು ಅವರೆಕಾಯಿ ಸುಲಿಯುತ್ತಿದ್ದ ನಮಗೆ ಪೇಪರು ಓದಿ ಹೇಳಿದರು. ನೆಲದ ಮೇಲೆ ಸೀಮೆಸುಣ್ಣದಲ್ಲಿ ದ್ವೀಪಗಳನ್ನು ಬರೆದು, ಪಕ್ಕದಲ್ಲೇ ಮಲೇಷ್ಯಾ ಬರೆದರು. ಇವೆರಡಕ್ಕೂ ಗಡಿಯ ಜಗಳ. ಸಂಘದಲ್ಲಿ ಮುಂದಿನ ಸಾಲಿನ ಒಂದು ಕುರ್ಚಿಯನ್ನು ಮಲೇಷ್ಯಾಕ್ಕೆ ಕೊಟ್ಟರು. ಅವನು ಅಲ್ಲಿ ಕೂತರೆ ನಾನು ಇಲ್ಲಿರಲ್ಲ ಎಂದು ಇಂಡೋನೇಷ್ಯಾ ಎದ್ದು ಹೋಯಿತು.

ನಿಂಗಮ್ಮ, ‘ಎದ್ದೋದ್ರೆ ಯಾರಿಗೆ ನಷ್ಟ ಟೀಚರಮ್ಮ?’ ಎಂದು ಕೇಳಿದಳು.

‘ಅದೇ ನೋಡಬೇಕು’ ಎಂದರು ಅವರು. ‘ಹೋಗುವಾಗ ಬಾಗಿಲು ದಡಾರ್ ಅನ್ನುತ್ತೆ, ಎಲ್ಲರೂ ತಿರುಗಿ ನೋಡ್ತಾರೆ. ಆಮೇಲೆ ಒಳಗೆ ಮಾತು ಮುಂದುವರಿಯುತ್ತೆ. ಹೊರಗೆ ನಿಂತವನಿಗೆ ಅದು ಕೇಳಿಸಲ್ಲ.’

ಅವರು ಇನ್ನೊಂದು ವಿಷಯವನ್ನೂ ಹೇಳಿದರು. ದೊಡ್ಡ ಯುದ್ಧಕ್ಕೆ ಮೊದಲು ಇಂಥದೇ ಇನ್ನೊಂದು ಸಂಘ ಇತ್ತಂತೆ. ಅದರಿಂದಲೂ ಬಲವಾದ ದೇಶಗಳು ಒಂದರ ಹಿಂದೆ ಒಂದು ಎದ್ದು ಹೋದವು. ತಮ್ಮ ಮಾತು ಯಾರೂ ಕೇಳಲಿಲ್ಲ ಎಂಬುದು ನೆಪ. ಹೊರಗೆ ಹೋಗಿ ತಮಗೆ ಬೇಕಾದ್ದು ಮಾಡಬೇಕಿತ್ತು, ಯಾರೂ ನೋಡಬಾರದಿತ್ತು. ಅವು ತಿರುಗಿ ಬರಲೇ ಇಲ್ಲ. ಕುರ್ಚಿಗಳು ಖಾಲಿಯಾಗಿ ಆ ಸಂಘವೂ ಸತ್ತಿತು. ‘ಕರೀಲಿ ಅಂತ ಹೋಗೋರು ಒಂದು ಜಾತಿ, ಕಾಣಿಸಬಾರದು ಅಂತ ಹೋಗೋರು ಇನ್ನೊಂದು ಜಾತಿ. ಬೆನ್ನು ನೋಡಿದರೆ ಎರಡೂ ಒಂದೇ ಥರ ಇರುತ್ತೆ’ ಎಂದರು.

ಶಿವರಾತ್ರಿ ಕಳೆಯಿತು. ಪ್ರತಿ ವರ್ಷ ಮೊದಲ ದಿನದ ಹಿಟ್ಟನ್ನು ಸಂಘದ ಯಾರಾದರೂ ಒಬ್ಬರ ಮನೆಯಲ್ಲಿ ಪೂಜೆ ಮಾಡಿ ಕಲೆಸುವುದು ಪದ್ಧತಿ. ಆ ಮನೆಗೆ ಅದೊಂದು ಗೌರವ. ಯಾರ ಮನೆ ಎಂದು ಟೀಚರಮ್ಮ ಕೈ ಎತ್ತಿಸಿ ತೀರ್ಮಾನ ಮಾಡುತ್ತಿದ್ದರು. ನಾವು ಹೆಂಗಸರು ಕೈ ಎತ್ತಿ ತೀರ್ಮಾನ ಮಾಡುತ್ತೇವೆಂಬುದು ಅವರಿಗೆ ದೊಡ್ಡ ಹೆಮ್ಮೆ. ಆ ವರ್ಷ ಕೈಗಳು ನಿಂಗಮ್ಮನ ಮನೆಗೆ ಎದ್ದವು. ಪುಟ್ಟಮ್ಮ ಎಲ್ಲರ ಕೈಗಳನ್ನೂ ಒಂದು ಸುತ್ತು ನೋಡಿದಳು.

‘ಆ ಹೊಸಿಲು ನಾನು ತುಳಿಯಕಿಲ್ಲ ಅಂತ ಎಲ್ಲರಿಗೂ ಗೊತ್ತದೆ. ಗೊತ್ತಿದ್ದೂ ಎತ್ತಿದ್ರಲ್ಲ. ಸರಿ ಬುಡಿ, ಅವಳ್ನೇ ಇಟ್ಕೊಳಿ. ನನ್ನ ತಾರಸಿ ನಂಗಿರಲಿ.’

ಹೊರಟೇ ಹೋದಳು. ಅವಳ ಮಣೆ ಮಾತ್ರ ಗೂಡಿನಲ್ಲೇ ಉಳಿಯಿತು.

ತಾರಸಿ ಹೋದದ್ದು ಎಂಥ ಏಟು ಎಂದು ಎರಡೇ ದಿನದಲ್ಲಿ ಗೊತ್ತಾಯಿತು. ಬೀದಿಯಲ್ಲಿ ಮಂಚ ಹಾಕಿ ಮೇಲೆ ಪಂಚೆ ಹಾಸಿ ಒಣಗಿಸಿದೆವು. ಎಮ್ಮೆ ಬಂದು ಮೂಸಿತು, ಕಾಗೆ ಎತ್ತಿಕೊಂಡು ಹೋಯಿತು, ಗಾಳಿ ಬೀಸಿದರೆ ಧೂಳು. ಹಾಸ್ಟೆಲ್ಲಿನ ಅಡುಗೆಯವನು ಹಪ್ಪಳದಲ್ಲಿ ಮಣ್ಣು ಕರಕರ ಅನ್ನುತ್ತದೆ ಎಂದು ಅರ್ಧ ವಾಪಸು ಕಳಿಸಿದ. ಉಳಿದವರಿಗೆ ಅದು ಕೈಖರ್ಚಿನ ಮಾತು. ನನಗೆ ಅದೇ ಜೀವನ. ನನ್ನ ಅಣ್ಣ ಊರಿನಿಂದ ಬಂದು, ‘ಇಲ್ಲೇನು ನೆಚ್ಕೊಂಡು ಕೂತಿದ್ದೀಯವ್ವ, ಮಕ್ಕಳನ್ನ ಕರ್ಕೊಂಡು ಬಂದ್ಬುಡು’ ಎಂದ. ಅವನ ಮನೆಯಲ್ಲಿ ಅನ್ನಕ್ಕೆ ಕೊರತೆ ಇರಲಿಲ್ಲ. ಆದರೆ ಮಕ್ಕಳ ಓದು ನನ್ನ ಓದಿನ ಹಾಗೆ ಒಂದು ಕೋಣೆಯಲ್ಲಿ ನಿಂತುಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಸಂಘ ನಿಂತರೆ ನಾನು ಮೈಸೂರಿನಲ್ಲಿ ನಿಲ್ಲುತ್ತೇನೆ, ಅದು ಬಿದ್ದರೆ ಊರು. ಇಷ್ಟೇ ಲೆಕ್ಕ. ಇನ್ನೊಂದು ಬೇಸಿಗೆ ನೋಡುತ್ತೇನೆ ಅಣ್ಣ ಎಂದು ಹೇಳಿ ಕಳಿಸಿದೆ.

ಹೆಂಗಸರು ಪುಟ್ಟಮ್ಮನ ಮಣೆಯನ್ನು ಅವಳ ಮನೆಗೆ ಕಳಿಸಿ ಲೆಕ್ಕ ಮುಗಿಸಿಬಿಡೋಣ ಎಂದರು. ಟೀಚರಮ್ಮ ಒಪ್ಪಲಿಲ್ಲ.

‘ಸೇರೋದಕ್ಕೆ ನಾವು ನಿಯಮ ಮಾಡಿದ್ದೀವಿ, ಬಿಡೋದಕ್ಕೆ ಮಾಡಿದ್ದೀವಾ? ಆ ದೇಶಗಳ ಸಂಘದಲ್ಲೂ ಇಲ್ಲ. ಬಿಡೋದು ಹೇಗೆ ಅಂತ ಅವರ ಕಟ್ಟಳೆಯಲ್ಲಿ ಬರೆದೇ ಇಲ್ಲ. ಅವಳು ಬಿಟ್ಟಿಲ್ಲ, ಬಂದಿಲ್ಲ. ಆ ಮಣೆ ಮೇಲೆ ಯಾರೂ ಒತ್ತಕೂಡದು.’

‘ಹಂಗಾದ್ರೆ ಹೋಗಿ ಕರೀರಿ’ ಎಂದರು ಯಾರೋ.

‘ಈಗ ಕರೆದರೆ ತಾರಸಿಯನ್ನ ಕರೆದ ಹಾಗಾಗುತ್ತೆ. ಅವಳನ್ನ ಕರೆದ ಹಾಗಾಗಲ್ಲ.’

ಒಂದು ದಿನ ಪುಟ್ಟಮ್ಮನ ಗಂಡ ಬಂದರು. ಮೈಮೇಲಿನ ಸುಣ್ಣ ಕೂಡ ತೊಳೆದುಕೊಳ್ಳದೆ ಬಾಗಿಲಾಚೆ ನಿಂತು, ಮಣೆ ಕೊಟ್ಟುಬಿಡಿ ಟೀಚರಮ್ಮ, ಮನೇಲಿ ನಂಗೆ ನೆಟ್ಟಗೆ ಊಟ ಸಿಕ್ಕುತ್ತಿಲ್ಲ ಎಂದು ಬೇಡಿಕೊಂಡರು. ಟೀಚರಮ್ಮ ಅವರಿಗೆ ಕುಡಿಯಲು ಮಜ್ಜಿಗೆ ಕೊಟ್ಟು, ಅವಳ ಕೈಯಿಂದ ಇಟ್ಟದ್ದು, ಅವಳ ಕೈಯೇ ಬಂದು ಎತ್ತಲಿ, ಯಾರೂ ತಡೆಯುವುದಿಲ್ಲ ಎಂದು ಹೇಳಿ ಕಳಿಸಿದರು. ಆಮೇಲೆ ನಮ್ಮ ಕಡೆ ತಿರುಗಿ, ‘ನೋಡ್ತಾ ಇರಿ, ಅವಳು ಎತ್ತೋಕೆ ಬರಲ್ಲ’ ಎಂದರು. ಬರಲಿಲ್ಲ.

ಪುಟ್ಟಮ್ಮ ಸುಮ್ಮನೆ ಕೂರುವವಳಲ್ಲ. ಹಿಂದಿನ ಬೀದಿಯವರನ್ನು ಸೇರಿಸಿಕೊಂಡು ಬೇರೆ ಸಂಘ ಕಟ್ಟಲು ಹೋದಳು. ಇಂಡೋನೇಷ್ಯಾವೂ ಹಾಗೇ ಹೊಸ ಸಂಘ ಕಟ್ಟುತ್ತೇನೆಂದು ಹೊರಟಿತ್ತಂತೆ. ಬಂದವರು ತಾರಸಿ ನೋಡಿ ಬಂದವರು. ಕುಟ್ಟುವ ಸರದಿ ಬಂದಾಗ ಒಬ್ಬೊಬ್ಬರಿಗೂ ಒಂದೊಂದು ಕೆಲಸ ನೆನಪಾಗುತ್ತಿತ್ತು. ಕೊನೆಗೆ ಅವಳೊಬ್ಬಳೇ ಹಾರೆ ಹಿಡಿದು ಕುಟ್ಟುವ ಸದ್ದು ಬೀದಿಗೆಲ್ಲ ಕೇಳುತ್ತಿತ್ತು. ಹೀಗೆ ಅಲ್ಲಿ ಬಿಸಿಲಿದ್ದರೂ ಒತ್ತುವವರಿಲ್ಲ, ಇಲ್ಲಿ ಒತ್ತುವವರಿದ್ದರೂ ಬಿಸಿಲಿಗೆ ಜಾಗವಿಲ್ಲ.

ನಮ್ಮಲ್ಲಿ ಕೆಲವರು ಅವಳಿಗೆ ‘ದ್ವೀಪ’ ಎಂದು ಹೆಸರಿಟ್ಟರು. ನೀರಿಗೆ ಹೋದಾಗ, ‘ದ್ವೀಪ ಬಂತು, ಕೊಡ ಸರಿಸಿ’ ಎನ್ನುವುದು, ನಗುವುದು. ಟೀಚರಮ್ಮ ಅದನ್ನು ಕೇಳಿ ಒಂದು ದಿನ ಪೇಪರು ತಂದು ನಮ್ಮ ಮುಂದೆ ಇಟ್ಟರು. ಆ ದೇಶದಲ್ಲಿ ದಂಗೆಯಾಗಿತ್ತು, ಊರೂರಲ್ಲಿ ಜನ ಸಾಯುತ್ತಿದ್ದರು. ‘ಅಲ್ಲಿ ಹೆಣ ಎತ್ತೋರಿಲ್ಲ. ಇನ್ನು ಈ ಮಾತಿಟ್ಟು ನಗಬೇಡಿ’ ಎಂದರು. ಅಂದಿನಿಂದ ಆ ಹೆಸರು ನಿಂತಿತು. ನಮ್ಮ ಬೀದಿಯ ಜಗಳಕ್ಕೂ ದೇಶದ ಕಥೆಗೂ ಎಲ್ಲ ಕಡೆ ತಾಳೆ ಹಾಕಬಾರದು ಎಂದು ನನಗೆ ತಿಳಿದದ್ದು ಆವತ್ತು.

ಎರಡನೆಯ ಬೇಸಿಗೆಯೂ ಧೂಳಿನಲ್ಲೇ ಹೋಯಿತು. ಹಾಸ್ಟೆಲ್ಲಿನವರು, ಮುಂದಿನ ವರ್ಷವೂ ಹೀಗೇ ಆದರೆ ಬೇರೆ ಕಡೆ ಕೊಳ್ಳುತ್ತೇವೆ ಎಂದರು. ಆಗ ನನಗೆ ಟೀಚರಮ್ಮನ ಮೇಲೆ ಸಿಟ್ಟು ಬಂದಿತ್ತು. ಹೋಗಿ ಒಂದು ಮಾತು ಕೇಳಿಕೊಂಡರೆ ತಾರಸಿ ಸಿಗಬಹುದು, ಇವರ ಹಟಕ್ಕೆ ನನ್ನ ಮಕ್ಕಳ ಶಾಲೆ ಹೋಗುತ್ತದೆ ಎಂದು ಒಳಗೊಳಗೇ ಬೇಯುತ್ತಿದ್ದೆ. ಬಾಯಿ ಬಿಟ್ಟು ಹೇಳಲು ಬರಲಿಲ್ಲ. ಅವರೇ ನನ್ನ ಮುಖ ನೋಡಿ ಒಂದು ಸಂಜೆ ಹೇಳಿದರು.

‘ನಿನ್ನ ಸಿಟ್ಟು ನನಗೆ ಗೊತ್ತು. ತಪ್ಪು ನನ್ನದೂ ಇದೆ. ಓರಗಿತ್ತಿಯರ ವಿಷಯದಲ್ಲಿ ನಾನು ಕೈ ಎತ್ತಿಸಬಾರದಿತ್ತು. ಮೊದಲು ಅವಳ ಹತ್ತಿರ ಕೂತು ಕೇಳಬೇಕಿತ್ತು. ಸೋತೆ ಅಂತ ಯಾರೂ ಎದ್ದು ಹೋಗಲ್ಲ ಕಣಮ್ಮ. ತಮ್ಮನ್ನ ಕೇಳದೆ ಕೈ ಎಣಿಸಿದರಲ್ಲ, ಅದಕ್ಕೆ ಹೋಗ್ತಾರೆ. ಆದರೆ ತಪ್ಪು ತಿದ್ದಬೇಕು ಅಂತ ಸಂಘವನ್ನ ಮಾರಿಬಿಡೋಕಾಗಲ್ಲ. ಇನ್ನೊಂದು ಬೇಸಿಗೆ ನನ್ನ ಜೊತೆ ನಿಂತ್ಕೊ.’

ನಾನು ಹೂಂ ಎಂದೆ.

ಆ ವರ್ಷ ದಸರಾ ಹತ್ತಿರ ಬಂದಾಗ ಇಂಡೋನೇಷ್ಯಾ ಸಂಘಕ್ಕೆ ತಿರುಗಿ ಬಂತು. ಟೀಚರಮ್ಮ ಪೇಪರು ಹಿಡಿದುಕೊಂಡು ಬೀದಿಗೇ ಬಂದುಬಿಟ್ಟರು. ಪೇಪರಿನ ಸುದ್ದಿ ಹೇಳಲು ಅವರು ಹಾಗೆ ಮನೆ ಮನೆ ಬಾಗಿಲು ತಟ್ಟಿದ್ದನ್ನು ನಾನು ಮತ್ತೆ ನೋಡಲಿಲ್ಲ. ಆ ದೇಶ ಹೋದಾಗ ಬಾವುಟ ಇಳಿಸಿದ್ದರು, ಹೆಸರಿನ ಹಲಗೆ ತೆಗೆದಿಟ್ಟಿದ್ದರು. ಆದರೆ ಬರುವಾಗ ಹೊಸದಾಗಿ ಸೇರಿಸಿಕೊಳ್ಳಿ ಎಂದು ಅರ್ಜಿ ಹಾಕಿಸಲಿಲ್ಲ. ನಾವು ಮತ್ತೆ ಕೂಡಿ ಕೆಲಸ ಮಾಡುತ್ತೇವೆ ಎಂದು ಆ ದೇಶ ತಂತಿ ಕೊಟ್ಟಿತು. ಸಭೆಯ ಅಧ್ಯಕ್ಷರು, ಇಷ್ಟು ದಿನ ಅವರು ಜೊತೆಗೂಡಿ ಕೆಲಸ ಮಾಡಿರಲಿಲ್ಲ ಅಷ್ಟೇ, ಯಾರದಾದರೂ ಆಕ್ಷೇಪ ಇದೆಯೇ ಎಂದರು. ಯಾರೂ ಮಾತಾಡಲಿಲ್ಲ. ಅವರು ಒಳಗೆ ಬಂದು ತಮ್ಮ ಜಾಗದಲ್ಲಿ ಕೂತರು.

‘ಬಂದಿಲ್ಲ, ಅಷ್ಟೇ. ನಾನು ಹೇಳಿರಲಿಲ್ವಾ’ ಎಂದು ಟೀಚರಮ್ಮ ಪೇಪರಿನ ಮೇಲೆ ಬೆರಳಿನಿಂದ ಕುಟ್ಟಿದರು.

ಇದನ್ನು ಕೇಳಿ ನಮ್ಮ ಹೆಂಗಸರಿಗೆ ಹುರುಪು ಬಂದುಬಿಟ್ಟಿತು, ಹಪ್ಪಳದ ಕಾಲ ಬರಲೆಂದು ಕಾದರು. ಶಿವರಾತ್ರಿ ಮುಗಿದ ಮಾರನೆಯ ದಿನ ಟೀಚರಮ್ಮ ಊರಲ್ಲಿರಲಿಲ್ಲ. ಅವತ್ತು ಎಲ್ಲರೂ ರೇಷ್ಮೆ ಸೀರೆ ಉಟ್ಟು, ಬೆಳ್ಳಿ ತಟ್ಟೆಯಲ್ಲಿ ಅರಿಶಿನ ಕುಂಕುಮ, ಹೂವು, ಹಣ್ಣು ಇಟ್ಟುಕೊಂಡು ಪುಟ್ಟಮ್ಮನನ್ನು ಕರೆಯಲು ಹೋದರು. ಇದು ನಿಂಗಮ್ಮನ ಆಲೋಚನೆ. ತಟ್ಟೆ ಹಿಡಿದವಳೂ ಅವಳೇ. ಎರಡು ವರ್ಷದಲ್ಲಿ ಅವಳಿಗೂ ಬೇಸರವಾಗಿತ್ತು, ಒಳ್ಳೆಯ ಮನಸ್ಸಿನಿಂದಲೇ ಹೋದಳು. ಕುಂಕುಮದ ಕರೆಗೆ ನಾನು ಹೋಗುವಂತಿರಲಿಲ್ಲ, ಮನೆಯಲ್ಲೇ ಉಳಿದೆ. ಅವರು ನಗುತ್ತ ವಾಪಸು ಬಂದರು. ಪುಟ್ಟಮ್ಮ ಹೊಸಿಲಾಚೆ ಜಗಲಿಯ ಮೇಲೆ ಚಾಪೆ ಹಾಸಿದಳಂತೆ, ಕುಂಕುಮ ಇಟ್ಟುಕೊಂಡಳಂತೆ, ಎಲ್ಲರಿಗೂ ಎಲೆ ಅಡಿಕೆ ಕೊಟ್ಟಳಂತೆ, ಕರೆದದ್ದು ಸಂತೋಷ, ಬಂದೋಗ್ತೀನಿ ಎಂದಳಂತೆ.

ಟೀಚರಮ್ಮ ಮಾರನೆಯ ದಿನ ಇದನ್ನು ಕೇಳಿ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅವರಿಗೆ ಸಿಟ್ಟು ಬಂದರೆ ಹಾಗೆ. ಎದುರಿನವರ ಮುಖ ಕಾಣಿಸಬಾರದು ಎಂದು.

‘ಕುಂಕುಮ ಇಟ್ಟು ಕರೆದ್ರಾ? ನನ್ನನ್ನ ಯಾರಾದರೂ ಕುಂಕುಮ ಇಟ್ಟು ಸಂಘಕ್ಕೆ ಕರೀತೀರಾ? ನಿಂಗಮ್ಮ, ನಿನ್ನನ್ನ ಕರೀತಾರಾ? ಮನೆಯವಳನ್ನ ಯಾರೂ ಕರೆಯಲ್ಲ ಕಣ್ರೇ, ನೆಂಟರನ್ನ ಕರೀತಾರೆ. ಎರಡು ವರ್ಷ ಅವಳು ಹೊರಗಿನವಳಲ್ಲ ಅಂತ ಕಾಪಾಡಿಕೊಂಡು ಬಂದೆ. ನೀವು ಬೆಳ್ಳಿ ತಟ್ಟೆ ತಗೊಂಡು ಹೋಗಿ ಅವಳನ್ನ ಹೊರಗಿನವಳು ಮಾಡಿ ಬಂದ್ರಿ.’

ನಿಂಗಮ್ಮ ಅಳತೊಡಗಿದಳು. ಅಷ್ಟು ಹೊತ್ತಿಗೆ ಆ ‘ಬಂದೋಗ್ತೀನಿ’ ಎಂಬ ಮಾತಿನ ಅರ್ಥ ನಮಗೆಲ್ಲ ತಿಳಿದಿತ್ತು. ನೆಂಟರು ಬಂದು ಹೋಗುತ್ತಾರೆ.

ಎಲ್ಲರೂ ಹೋದ ಮೇಲೆ ನಾನು ನೆಲ ಒರೆಸುತ್ತಿದ್ದೆ. ಟೀಚರಮ್ಮ ತಮ್ಮ ವಿಷಯ ಹೇಳಿದ್ದು ಆ ಒಂದೇ ಸಲ. ಹರೆಯದಲ್ಲಿ ಟೀಚರ್ ಟ್ರೈನಿಂಗಿಗೆ ಕಳಿಸಲಿಲ್ಲವೆಂದು ಅವರು ಸಿಟ್ಟಿನಿಂದ ಅಣ್ಣನ ಮನೆ ಬಿಟ್ಟು ಬಂದವರು. ಕೆಲಸ ಸಿಕ್ಕಿ ಕೆಲವು ವರ್ಷವಾದ ಮೇಲೆ ಆ ಮನೆಯಲ್ಲಿ ಮದುವೆ ಎಂದು ತಿಳಿದು ಹೋದರು. ಅತ್ತಿಗೆ ಬಾಗಿಲಿಗೆ ಬಂದು ಕಾಲಿಗೆ ನೀರು ಕೊಟ್ಟು, ಕುಂಕುಮ ಕೊಟ್ಟು, ನಡುಮನೆಯಲ್ಲಿ ಹೊಸ ಚಾಪೆ ಹಾಸಿ ಕೂರಿಸಿದರು. ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯಲು ಜನ ಸಾಲದೆ ಕೂಗಾಡುತ್ತಿದ್ದರು. ಇವರು ಏಳಹೋದರೆ, ಛೇ ಛೇ ನೀವು ಕೂತ್ಕೊಳ್ಳಿ ಎಂದರು.

‘ಒಬ್ಬರೂ ಒಂದು ಬೈಗುಳ ಬೈಯಲಿಲ್ಲ ನನ್ನ’ ಎಂದರು ಟೀಚರಮ್ಮ. ‘ಯಾಕೆ ಇಷ್ಟು ತಡ, ಎದ್ದು ಕಾಯಿ ತುರಿ ಅಂತ ಒಬ್ಬರು ಅಂದಿದ್ದರೆ ನಾನು ಆ ಮನೆಯವಳಾಗಿ ಇರುತ್ತಿದ್ದೆ.’

ಮೊದಲ ದಿನದ ಹಿಟ್ಟು ಬಂತು. ಆ ಸಲ ಟೀಚರಮ್ಮ ಕೈ ಎತ್ತಿಸಲಿಲ್ಲ. ಮನೆಮನೆಗೆ ಹೋಗಿ, ತಮ್ಮ ಮನೆಯಲ್ಲೇ ಕಲೆಸಿದರೆ ಏನಾದರೂ ತೊಂದರೆಯಾ ಎಂದು ಒಬ್ಬೊಬ್ಬರನ್ನೇ ಕೇಳಿ ಬಂದಿದ್ದರು. ಪುಟ್ಟಮ್ಮನ ಮನೆಗೆ ಮಾತ್ರ ಹೋಗಿರಲಿಲ್ಲ. ಬೆಳಿಗ್ಗೆ ಹಿಟ್ಟಿಗೆ ಹಪ್ಪಳದ ಖಾರ, ಇಂಗು, ಮೆಣಸು ಹಾಕಿ ಕಲೆಸಿ ಆಯಿತು. ಒರಳಿನ ಹತ್ತಿರ ನಿಂತು ಅವರು ನನ್ನನ್ನು ಕರೆದರು.

‘ಆ ತಟ್ಟೆ ಹಿಡಿದುಕೊಂಡು ಹೋಗದೆ ಇದ್ದವಳು ಈ ಬೀದಿಯಲ್ಲಿ ನೀನೊಬ್ಬಳೇ. ನೀನು ಹೋಗು.’

ಏನಂತ ಹೇಳಲಿ ಎಂದೆ.

‘ಅವಳು ನಿನ್ನನ್ನ ಬೈದಿದ್ದು ಜ್ಞಾಪಕ ಇದೆಯಲ್ಲ. ಅದನ್ನೇ ವಾಪಸು ಕೊಟ್ಟು ಬಾ. ಬಾಗಿಲಲ್ಲಿ ನಿಲ್ಲಬೇಡ. ದಯವಿಟ್ಟು ಅನ್ನಬೇಡ. ತಾರಸಿ ಅಂತ ಬಾಯಿ ಬಿಡಬೇಡ.’

ನಾಲ್ಕು ಮನೆ ದೂರ ನಡೆಯುವಾಗ ನಾನು ಆ ಮಾತನ್ನು ಬಾಯಲ್ಲಿ ಉರುಹೊಡೆಯುತ್ತ ಹೋದೆ. ಪುಟ್ಟಮ್ಮ ಹಿತ್ತಿಲಲ್ಲಿ ಪಾತ್ರೆ ಬೆಳಗುತ್ತಿದ್ದಳು. ನನ್ನನ್ನು ನೋಡಿ ಕೈ ತೊಳೆದುಕೊಂಡು, ಚಾಪೆ ತರಲು ಎದ್ದಳು. ಚಾಪೆ ಹಾಸಿದರೆ ಕೆಲಸ ಕೆಟ್ಟಿತು ಎಂದು ನನಗೆ ಹೊಳೆಯಿತು. ಅಂದುಬಿಟ್ಟೆ.

‘ಇಷ್ಟೊತ್ತಾದ್ರೂ ಬರದೆ ಏನ್ ಮಾಡ್ತಿದ್ದೀರಕ್ಕ? ಇವತ್ತು ಕುಟ್ಟೋ ಸರದಿ ನಿಮ್ಮದು. ಹಿಟ್ಟು ಒಣಗ್ತಾ ಇದೆ.’

ಅವಳು ನನ್ನನ್ನು ನೋಡಿದಳು. ನಾನು ಜೀವಮಾನದಲ್ಲಿ ಯಾರ ಮೇಲೂ ಏರಿಸದ ದನಿ ಅದು. ಅವಳ ಮಾತೇ ಎಂದು ಅವಳಿಗೆ ಗುರುತು ಸಿಕ್ಕಿತೋ ಏನೋ, ತುಟಿ ಒಂದು ಪಕ್ಕಕ್ಕೆ ಎಳೆಯಿತು.

‘ನೀನು ಬೈಯೋದು ಕಲ್ತ್ಬುಟ್ಟೆ’ ಎಂದಳು. ಬೆಳಗಿದ ಪಾತ್ರೆಗಳನ್ನು ಬೋರಲು ಹಾಕಿದಳು. ‘ನಡಿ, ಸೀರೆ ಕಟ್ಕೊಂಡು ಬತ್ತೀನಿ.’

ಅವಳು ಒಳಗೆ ಬಂದಾಗ ನಡುಮನೆಯಲ್ಲಿ ಲಟ್ಟಣಿಗೆಗಳ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ಯಾರೂ ಬಾ ಎನ್ನಲಿಲ್ಲ, ಯಾಕೆ ಎನ್ನಲಿಲ್ಲ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಹಾರೆ ಎತ್ತಿ ತನ್ನ ಸರದಿ ಕುಟ್ಟಿದಳು. ಕುಟ್ಟಿ ಆದ ಮೇಲೆ ಗೂಡಿನ ಹತ್ತಿರ ಹೋಗಿ ತನ್ನ ಮಣೆಯನ್ನು ಇಳಿಸಿ, ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ, ಖಾಲಿ ಇದ್ದ ಒಂದೇ ಜಾಗದಲ್ಲಿ ಕೂತಳು. ಅದು ನಿಂಗಮ್ಮನ ಪಕ್ಕ. ನಿಂಗಮ್ಮ ತಲೆ ಎತ್ತದೆ ಎಣ್ಣೆ ಬಟ್ಟಲನ್ನು ನಡುವಿಗೆ ತಳ್ಳಿದಳು.

ಟೀಚರಮ್ಮ ಕಿಟಕಿಯ ಹತ್ತಿರ ಪೇಪರಿನಲ್ಲಿ 	ಮುಖ ಮುಚ್ಚಿಕೊಂಡಿದ್ದರು. ಅದರ ಹಿಂದಿನಿಂದಲೇ ಹೇಳಿದರು: ‘ಪುಟ್ಟಮ್ಮ, ಎಣ್ಣೆ ಕಡಿಮೆ ಹಚ್ಚು. ಹೋದ ಸಲ ಜಾಸ್ತಿಯಾಗಿತ್ತು.’

ಪುಟ್ಟಮ್ಮ ಹ್ಞೂಂ ಎಂದಳು. ಆಮೇಲೆ ಸೊಂಟದಿಂದ ತಾರಸಿಯ ಬೀಗದ ಕೈ ತೆಗೆದು ಎಣ್ಣೆ ಬಟ್ಟಲಿನ ಪಕ್ಕ ಇಟ್ಟಳು. ಯಾರೂ ಕೇಳಿರಲಿಲ್ಲ. ಮೊದಲ ಮೊರ ತುಂಬಿದಾಗ ಆ ಬೀಗದ ಕೈ ಎತ್ತಿಕೊಂಡು, ಮೊರ ತಲೆಯ ಮೇಲಿಟ್ಟುಕೊಂಡು ಓರಗಿತ್ತಿಯ ಹೊಸಿಲು ದಾಟಿ ತಾರಸಿ ಹತ್ತಿದವಳು ನಿಂಗಮ್ಮ. ಗೋಡೆ ಎದ್ದ ಮೇಲೆ ಅದೇ ಮೊದಲು.

ಗಿರೀಶ, ಬಿಟ್ಟು ಹೋದ ಮೇಲೆ ಏನಾಗುತ್ತೆ ಎಂದು ಕೇಳಿದೆಯಲ್ಲ. ಹೋದವರಿಗಿಂತ ಹೆಚ್ಚಾಗಿ ಅದು ಉಳಿದವರು ಏನು ಮಾಡುತ್ತಾರೆ ಎಂಬುದರ ಮೇಲಿದೆ. ಬರದೇ ಇರುವವರೂ ಇದ್ದಾರೆ. ಟೀಚರಮ್ಮ ಅದನ್ನೂ ಹೇಳಿದ್ದರು. ಆದರೆ ಯಾರು ಯಾವ ಜಾತಿಯವರು ಎಂದು ಹೋಗುವ ದಿನ ಗೊತ್ತಾಗುವುದಿಲ್ಲ, ಗೊತ್ತಾಗುವವರೆಗೆ ಅವರ ಮಣೆ ಎತ್ತಬಾರದು.

ಆ ವರ್ಷ ಹಾಸ್ಟೆಲ್ಲಿನವರು ಒಂದು ಹಪ್ಪಳವನ್ನೂ ವಾಪಸು ಕಳಿಸಲಿಲ್ಲ. ಯುಗಾದಿಗೆ ಕರೆದೊಯ್ಯಲು ಬಂದ ಅಣ್ಣ ಹಬ್ಬದೂಟ ಮಾಡಿ ಒಬ್ಬನೇ ಬಸ್ಸು ಹತ್ತಿದ. ಗಿರೀಶನ ಅಪ್ಪ, ಸುಮಳ ಅಮ್ಮ ಇಬ್ಬರೂ ಇಲ್ಲೇ ಓದಿದರು. ಟೀಚರಮ್ಮ ತೀರಿಕೊಂಡದ್ದು ನೀವಿಬ್ಬರೂ ಹುಟ್ಟುವುದಕ್ಕೆ ಮೊದಲು, ಒಂದು ಚಳಿಗಾಲದ ಬೆಳಿಗ್ಗೆ. ಅವರನ್ನು ತೊಳೆದು ವಿಭೂತಿ ಹಚ್ಚುವಾಗ ಸೆರಗಿನ ಗಂಟು ಬಿಚ್ಚಿದವಳು ಪುಟ್ಟಮ್ಮ. ಸೀಮೆಸುಣ್ಣದ ಚೂರು ಇತ್ತು. ಅದನ್ನು ಅವಳು ಮತ್ತೆ ಗಂಟು ಹಾಕಿದಳು.

ಸುಮಾ, ಗಿರೀಶ, ಅಡುಗೆಮನೆಯ ಅಟ್ಟದಲ್ಲಿ ನನ್ನ ಹಪ್ಪಳದ ಮಣೆ ಇದೆ. ಈ ಹಾಳೆಗಳನ್ನು ಮಡಚಿ, ಒಂದು ಬಟ್ಟೆಯಲ್ಲಿ ಸುತ್ತಿ ಅದರ ಕೆಳಗೆ ಇಡುತ್ತೇನೆ. ಇರುವೆ ಹತ್ತದ ಹಾಗೆ, ನೀರು ಬೀಳದ ಹಾಗೆ ನೋಡಿಕೊಳ್ಳಿ. ನೀವು ಬೇರೆ ಬೇರೆ ಊರಿಗೆ ಹೋಗುವವರು, ಮಣೆಯೂ ಹಾಳೆಯೂ ಒಬ್ಬರ ಮನೆಯಲ್ಲೇ ಇರಬೇಕಾಗುತ್ತದೆ. ಯಾರ ಮನೆಯಲ್ಲಾದರೂ ಇರಲಿ. ಎಂದಾದರೂ ಇನ್ನೊಬ್ಬರು ಬಂದು ಓದಲು ಕೇಳಿದರೆ, ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳಬೇಡಿ. ಚಾಪೆಯನ್ನೂ ಹಾಸಬೇಡಿ. ತಡವಾಯಿತು ಎಂದು ಬೈದು, ಕೈಗೆ ಕೊಡಿ.